ಸ್ಕ್ಯಾನರ್ ಪಟ್ಟಿಯಲ್ಲಿ ‘ಪುಟ’ ಅಂದ್ರೆ ಹಾಳೆಯೋ, ಬದಿಯೋ?

ಎಲ್ಲರಿಗೂ ನಮಸ್ಕಾರ.

ಕಾಗದಪತ್ರ ಜಾಸ್ತಿ ಓಡಾಡುವ ಆಫೀಸಿಗೆ ಸ್ಕ್ಯಾನರ್ ಕೊಳ್ಳಬೇಕು. ಏನೇನು ಇರಬೇಕು ಅನ್ನುವ ಪಟ್ಟಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೂರು ಕಡೆ ಪದ ಸರಿಹೋಗುತ್ತಿಲ್ಲ.

ಮೊದಲನೆಯದು ವೇಗ. ಹಾಳೆಯ ಎರಡೂ ಬದಿಯನ್ನು ಒಂದೇ ಸಲಕ್ಕೆ ಓದುವ ಸ್ಕ್ಯಾನರ್ ಮೇಲೆ ‘40 ಪಿಪಿಎಂ, 80 ಐಪಿಎಂ’ ಎಂದು ಬರೆದಿರುತ್ತಾರೆ. ಒಂದು ನಿಮಿಷಕ್ಕೆ ಇಷ್ಟು ಪೇಜು, ಇಷ್ಟು ಇಮೇಜು ಅಂತ. ಇಲ್ಲಿ ಪೇಜು ಅಂದರೆ ಯಂತ್ರದೊಳಗೆ ಹೋಗಿ ಬರುವ ಹಾಳೆ. ಇಮೇಜು ಅಂದರೆ ಒಂದು ಬದಿಯ ಚಿತ್ರ. ಇದನ್ನು ‘ನಿಮಿಷಕ್ಕೆ 40 ಪುಟ’ ಎಂದು ಬರೆದರೆ ಅರ್ಥ ಅರ್ಧಕ್ಕರ್ಧ ಕೆಡುತ್ತದೆ. ನಮಗೆ ಹಾಳೆ ಒಂದು, ಪುಟ ಎರಡು. 200 ಪುಟದ ಪುಸ್ತಕದಲ್ಲಿ 100 ಹಾಳೆ ಇರುತ್ತದೆ, ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ‘ನಿಮಿಷಕ್ಕೆ 40 ಹಾಳೆ, ಎರಡೂ ಬದಿ ಸೇರಿ 80 ಪುಟ’ ಎಂದು ಬರೆದಿದ್ದೇನೆ. ಜೊತೆಗೆ ‘300 ಡಿಪಿಐ, ಬಣ್ಣದಲ್ಲಿ’ ಎಂದೂ ಸೇರಿಸಿದ್ದೇನೆ. ಡಿಪಿಐ ಅಂದರೆ ಒಂದು ಇಂಚಿಗೆ ಇಷ್ಟು ಚುಕ್ಕಿ ಅಂತ. ಕೆಲವು ಮಾದರಿಗಳಲ್ಲಿ ದೊಡ್ಡದಾಗಿ ಹಾಕಿದ ವೇಗ 200 ಡಿಪಿಐಗೆ ಅಳೆದದ್ದು, ಅದಕ್ಕಿಂತ ಮೇಲೆ ಹೋದರೆ ಇಳಿದುಬಿಡುತ್ತದೆ.

ತೊಡಕು ಎಲ್ಲಿ ಅಂದರೆ, ಆಫೀಸಿನ ಮಾತಿನಲ್ಲಿ ಎರಡಕ್ಕೂ ‘ಪೇಜು’ ಅಂತಲೇ ಹೇಳುತ್ತೇವೆ. ‘ಈ ಫೈಲು ಎಷ್ಟು ಪೇಜಿದೆ?’ ಎಂದು ಕೇಳಿದರೆ ಒಬ್ಬರು ಹಾಳೆ ಎಣಿಸುತ್ತಾರೆ, ಇನ್ನೊಬ್ಬರು ಬದಿ ಎಣಿಸುತ್ತಾರೆ. ಹಾಗಿರುವಾಗ ‘ಹಾಳೆ’ ಎಂದು ಬರೆದರೆ ಮಾರುವವರಿಗೂ ಸಿಬ್ಬಂದಿಗೂ ಒಂದೇ ಅರ್ಥ ಹೋಗುತ್ತದಾ? ‘ಪುಟ’ ಬಿಟ್ಟು ‘ಬದಿ’ ಅಂತಲೇ ಬರೆಯೋದು ಒಳ್ಳೇದಾ?

ಎರಡನೆಯದು ‘ಡ್ಯೂಟಿ ಸೈಕಲ್’. ದಿನಕ್ಕೆ ಎಷ್ಟು ಹಾಳೆ ಓಡಿಸಿದರೆ ಯಂತ್ರ ತಡೆದುಕೊಳ್ಳುತ್ತದೆ ಅನ್ನುವ ಅಂದಾಜು ಇದು. ಎಲ್ಲರೂ ‘ಕೆಪಾಸಿಟಿ’ ಅಂತಾರೆ, ಅಲ್ಲೇ ಗೋಜಲು. ಹಾಳೆಗಳನ್ನು ಒಂದೊಂದಾಗಿ ಒಳಗೆ ಎಳೆದುಕೊಳ್ಳುವ ಫೀಡರ್‌ನಲ್ಲಿ ಒಂದು ಸಲಕ್ಕೆ 100 ಹಾಳೆ ಹಿಡಿಸುತ್ತದೆ ಅನ್ನುವುದೂ ಕೆಪಾಸಿಟಿಯೇ. ‘ಸಾಮರ್ಥ್ಯ’ ಎಂದು ಬರೆದರೂ ಅದೇ ಕಥೆ, ವೇಗವೂ ಅದರೊಳಗೆ ಸೇರಿಕೊಳ್ಳುತ್ತದೆ. ನಿಮಿಷಕ್ಕೆ 40 ಹಾಳೆ ಅಂದರೆ ಲೆಕ್ಕಕ್ಕೆ ಗಂಟೆಗೆ 2,400 ಆಯಿತು. ದಿನದ ಮಿತಿ 4,000 ಇದ್ದರೆ ಎರಡು ಗಂಟೆಯೊಳಗೆ ಅದು ಮುಗಿಯಿತು. ಗಿಜಿಗುಡುವ ಆಫೀಸಿಗೆ ವೇಗಕ್ಕಿಂತ ಈ ಸಂಖ್ಯೆಯೇ ಮುಖ್ಯ ಅಂತ ನನ್ನ ಅನಿಸಿಕೆ. ‘ದಿನದ ಹೊರೆ’ ಎಂದು ಬರೆದಿದ್ದೇನೆ. ಚಿಕ್ಕದಾಗಿದೆ, ಆದರೆ ಹೊರಿಸಬಹುದಾದದ್ದು ಅನ್ನುವ ಅರ್ಥ ಬರುತ್ತದೋ ಇಲ್ಲವೋ ಅನುಮಾನ. ‘ದಿನಕ್ಕೆ ತಾಳುವ ಹಾಳೆ’ ಅಂದರೆ ಅರ್ಥ ಕೂಡಲೇ ತಿಳಿಯುತ್ತದೆ, ಆದರೆ ಪಟ್ಟಿಯ ತಲೆಬರಹಕ್ಕೆ ಸ್ವಲ್ಪ ಉದ್ದ.

ಮೂರನೆಯದು ‘ಡಬಲ್ ಫೀಡ್’. ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ಒಳಗೆ ಹೋಗುವುದು. ಒಂದಕ್ಕೊಂದು ಅಂಟಿಕೊಂಡ ಒಳಬದಿಗಳು ಸ್ಕ್ಯಾನ್ ಆಗದೇ ಉಳಿಯುತ್ತವೆ, ಮೂಲ ಪ್ರತಿ ಕಟ್ಟಿ ಒಳಗಿಟ್ಟ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಇದನ್ನು ಹಿಡಿಯಲು ಒಳ್ಳೆ ಯಂತ್ರಗಳಲ್ಲಿ ನಮ್ಮ ಕಿವಿಗೆ ಕೇಳದ ಶಬ್ದವನ್ನು ಹಾಳೆಯ ಮೂಲಕ ಹಾಯಿಸುತ್ತಾರೆ. ಎರಡು ಹಾಳೆಯ ನಡುವೆ ಗಾಳಿ ಇರುವುದರಿಂದ ಆಚೆ ಬದಿಗೆ ತಲುಪುವ ಶಬ್ದ ತಗ್ಗುತ್ತದೆ, ಯಂತ್ರ ನಿಲ್ಲುತ್ತದೆ. ‘ಜೋಡಿ ಹಾಳೆ ಪತ್ತೆ’ ಎಂದು ಬರೆದಿದ್ದೆ. ಆದರೆ ಫೋಟೊ ಅಂಟಿಸಿದ ಅರ್ಜಿ ಹೋದರೂ ಯಂತ್ರ ಇದೇ ಕಾರಣಕ್ಕೆ ನಿಲ್ಲಬಹುದು, ಅಲ್ಲಿ ಹಾಳೆ ಒಂದೇ ಅಲ್ವಾ? ‘ಜೋಡಿ ಪದರ’ ಅಂದರೆ ಎರಡಕ್ಕೂ ಹೊಂದುತ್ತದೆ. ಅಂಥ ಅರ್ಜಿಗೆ ಈ ಪರೀಕ್ಷೆ ತಾತ್ಕಾಲಿಕವಾಗಿ ನಿಲ್ಲಿಸುವ ಸೌಲಭ್ಯವೂ ಇರಬೇಕು ಎಂದು ಬರೆಯಬೇಕಿದೆ, ಆಗ ಈ ಪದ ಮತ್ತೆ ಮತ್ತೆ ಬರುತ್ತದೆ.

ಫೀಡರ್, ರೋಲರ್, ಡಿಪಿಐ ಹಾಗೇ ಇರಲಿ. ಅದನ್ನೆಲ್ಲ ಸುಮ್ನೆ ಕನ್ನಡಿಸಿದರೆ ಓದುವವರಿಗೆ ಕಷ್ಟ. ‘ರೆಸಲ್ಯೂಶನ್’ಗೆ ‘ಸ್ಪಷ್ಟತೆ’ ಮಾತ್ರ ದಯವಿಟ್ಟು ಬೇಡ. ಮಸುಕಾದ ಅಕ್ಷರ 600 ಡಿಪಿಐನಲ್ಲೂ ಮಸುಕೇ, ಉದ್ದಕ್ಕೂ ಅಗಲಕ್ಕೂ ಎರಡರಷ್ಟಾಗಿ ಚುಕ್ಕಿಗಳು ಮಾತ್ರ 300ರ ನಾಲ್ಕು ಪಟ್ಟು ಆಗುತ್ತವೆ.

‘ದಿನದ ಹೊರೆ’, ‘ಜೋಡಿ ಪದರ’ ಇವಕ್ಕೆ ನಿಮ್ಮ ಕಡೆ ಬಳಕೆಯಲ್ಲಿರುವ ಬೇರೆ ಮಾತಿದ್ದರೆ, ಒಂದು ವಾಕ್ಯದಲ್ಲಿ ಬಳಸಿ ತೋರಿಸಿ.