ಹಳೇ ಕಾಂಟೆಸ್ಸಾನಾ, 1.8 ಇಸುಜು ಕಾಂಟೆಸ್ಸಾನಾ?

ಸಕಲೇಶಪುರದ ಹತ್ರ ನಮ್ದು ಸಣ್ಣ ಕಾಫಿ ತೋಟ. ಅಪ್ಪನಿಗೆ ಹಿಂದೂಸ್ತಾನ್ ಮೋಟರ್ಸ್‌ನ ಕಾಂಟೆಸ್ಸಾ ಕಾರಿನ ಆಸೆ ಇತ್ತು, ದುಡ್ಡೆಲ್ಲ ಜೀಪಿಗೇ ಹೋಯ್ತು. ಈಗ ಆ ಹುಚ್ಚು ನನಗೆ. ಎರಡು ಗಾಡಿ ನೋಡಿದೀನಿ. ಹಾಸನದ್ದು 1986ರದು: ಅಂಬಾಸಿಡರ್‌ನ 1.5 ಲೀಟರ್ ಎಂಜಿನ್, 4 ಗೇರ್, ಬಣ್ಣ ಹೋಗಿದೆ, ಕ್ರೋಮ್ ಮಾತ್ರ ಪೂರ್ತಿ ಇದೆ. ಚಿಕ್ಕಮಗಳೂರಿಂದು 1994ರ 1.8 ಲೀಟರ್, ಜಪಾನಿನ ಇಸುಜು ಕಂಪನಿ ಎಂಜಿನ್, 5 ಗೇರ್, ಬೆಲೆ ಜಾಸ್ತಿ. ಮನಸ್ಸು ಹಳೇದ್ರ ಮೇಲೆ. ಏನ್ಮಾಡ್ಲಿ?

ಉತ್ತರ 1:
ಹಳೇದನ್ನ ನಾನೇ ಇಟ್ಕೊಂಡಿದ್ದೆ ಕಣಪ್ಪ. ನೋಡೋಕೆ ರಾಜ, ಘಾಟಿಯಲ್ಲಿ ಎಮ್ಮೆ. ಅಷ್ಟು ದೊಡ್ಡ ಮೈಗೆ ಬರೀ 50 ಚಿಲ್ಲರೆ ಕುದುರೆಶಕ್ತಿ! ಶಿರಾಡಿ ಘಾಟಿ ಹತ್ತಿ ಗುಂಡ್ಯದಿಂದ ಮಾರನಹಳ್ಳಿಗೆ ನಾಲ್ಕು ಜನ ಹತ್ತಿಸ್ಕೊಂಡು ಬರ್ತಾ ಎರಡನೇ ಗೇರಲ್ಲೇ ಉಸಿರು ಬಿಡ್ತು. ಬಾನೆಟ್ ಎತ್ತಿ ಬಾಟಲಿ ನೀರು ಹಿಡ್ಕೊಂಡು ನಿಂತಿದ್ರೆ ಲಾರಿಯೋರು ನಗ್ತಾ ಹೋದ್ರು. 1.8 ತಗೋ.

ಉತ್ತರ 2:
ಇಸುಜು ಅಂತ ಹೆದರ್ಬೇಡಿ ಸಾರ್, ಆಮೇಲೆ ಅಂಬಾಸಿಡರ್‌ಗೂ ಅದೇ 1.8 ಹಾಕಿದ್ರು. ಎಂಜಿನ್ ಸಾಮಾನು ಹುಡುಕಬಹುದು. ಗೋಳು ಇರೋದು ಮುಂದಿನ ಗಾಜು, ಲೈಟು, ಬೀಡಿಂಗ್‌ದು. ಮಲೆನಾಡಿನ ಗಾಡಿ ಅಂದ್ಮೇಲೆ ತುಕ್ಕು ಹಿಡಿದಿದ್ಯಾ ಅಂತ ಮ್ಯಾಟ್ ಎತ್ತಿ ನೋಡಿ, ಸ್ಟೆಪ್ನಿ ಗುಂಡಿಯಲ್ಲಿ ಕೈ ಆಡಿಸಿ. ಆರ್‌ಸಿ ರಿನ್ಯೂವಲ್ ಆಗಿದ್ಯಾ ಕೇಳಿ.

ಪ್ರಶ್ನೆ ಕೇಳಿದವನು:
ನಿನ್ನೆ 1994ರದ್ದು ನೋಡ್ಬಂದೆ. ಓಡೋದೇನೋ ಬೆಣ್ಣೆ. ಡ್ರೈವರ್ ಕಾಲ ಕೆಳಗಿನ ಮ್ಯಾಟ್ ಎತ್ತಿದೆ, ಹೆಬ್ಬೆರಳು ಸೀದಾ ತೂರ್ತು, ಕೆಳಗೆ ಹುಲ್ಲು ಕಾಣ್ತು. ಹಾಸನದ್ದು ಹೆಂಚಿನ ಶೆಡ್ಡಲ್ಲಿ ಒಣಗಿ ನಿಂತಿರೋದು, ತಳ ಗಟ್ಟಿ. ಭಾನುವಾರ ಅಡ್ವಾನ್ಸ್ ಕೊಡ್ತಿದೀನಿ. ಘಾಟಿಗೆ ಜೀಪ್ ಇದೆಯಲ್ಲ!