ಕಿವಿಗೆ ಬೀಜ ಅಂಟಿಸಿ ಒತ್ತಿದರೆ ಸೊಂಟನೋವು ಕಡಿಮೆ ಆಗುತ್ತಾ?

ಪ್ರಶ್ನೆ – ಹೊಲದಂಚು
ಅಮ್ಮನಿಗೆ ಎಷ್ಟೋ ವರ್ಷದಿಂದ ಸೊಂಟನೋವು. ಬಗ್ಗಿ ಕಳೆ ಕೀಳೋದು ತಪ್ಪಲ್ಲ, ಆಸ್ಪತ್ರೆ ದೂರ. ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆ ಉರಿ ಬೇರೆ. ಮೊನ್ನೆ ಶಿಬಿರವೊಂದರಲ್ಲಿ ಅವಳ ಕಿವಿಗೆ ಸಣ್ಣ ಕಪ್ಪು ಬೀಜಗಳನ್ನು ಪ್ಲಾಸ್ಟರ್ ಹಾಕಿ ಅಂಟಿಸಿ, "ದಿನಾ ಒತ್ತಿಕೊಳ್ಳಿ" ಅಂತ ಕಳಿಸಿದ್ದಾರೆ. ಹೇಗೆ ಒತ್ತಬೇಕು, ಎಷ್ಟು ದಿನ ಇಡಬೇಕು, ಏನೂ ಹೇಳಿಲ್ಲ. ಅಮ್ಮ ಆಗಲೇ ಡಾಕ್ಟರ ಕಡೆ ಹೋಗೋದೇ ಬೇಡ ಅಂತಿದ್ದಾಳೆ. ನನಗೆ ಅದೇ ಭಯ.

ಉತ್ತರ – ಫಿಸಿಯೋ ಅಕ್ಕ
ನನ್ನ ಹತ್ತಿರ ಬರುವವರಿಗೆ ನಾನು ಇದನ್ನು ಕಲಿಸುತ್ತೇನೆ. ಕಿವಿಯ ಹೊರ ಅಂಚಿನ ಒಳಗೆ ಇನ್ನೊಂದು ಏಣು ಇದೆ, ಬೆರಳಿಗೆ ಸಿಗುತ್ತದೆ. ಮೇಲೆ ಹೋದ ಹಾಗೆ ಅದು ಎರಡಾಗಿ ಕವಲೊಡೆಯುತ್ತದೆ. ಕೆಳಗಿನ ಕವಲು ಸೊಂಟದ್ದು ಅನ್ನುತ್ತಾರೆ. ಎರಡರ ನಡುವಿನ ಗುಳಿಯಲ್ಲಿರೋದು ಶೆನ್‌ಮೆನ್, ಯಾವ ನೋವಿಗೂ ಬಳಸುವ ಜಾಗ.

ಹೆಬ್ಬೆರಳು ಕಿವಿಯ ಹಿಂದೆ, ತೋರುಬೆರಳು ಬೀಜದ ಮೇಲೆ. ಅರ್ಧ ನಿಮಿಷ ಒತ್ತಿ ಹಿಡಿದು ಬಿಡಬೇಕು, ದಿನಕ್ಕೆ 3–4 ಸಲ. ಮಂದವಾಗಿ ನೋಯಬೇಕು, ಕಿವಿ ಬಿಸಿಯಾದರೂ ಸರಿ. ಚುಚ್ಚಿದ ಹಾಗೆ ಆದರೆ ಜಾಸ್ತಿ ಆಯ್ತು ಅಂತ. ತಿಕ್ಕಬೇಡಿ, ಚರ್ಮ ಕಿತ್ತುಹೋಗುತ್ತದೆ. 3–5 ದಿನಕ್ಕೆ ತೆಗೆದು, ತೊಳೆದು ಒರೆಸಿ, ಮುಂದಿನ ಸಲ ಇನ್ನೊಂದು ಕಿವಿಗೆ. ತುರಿಕೆ ಬಂದರೆ ಅವತ್ತೇ ಕಿತ್ತುಹಾಕಿ. ಬೀಜ ಇಲ್ಲದಿದ್ದರೂ ಬೆರಳ ತುದಿ ಸಾಕು. ಮನೆಯಲ್ಲಿ ಕಿವಿಗೆ ಸೂಜಿ ಚುಚ್ಚೋದು ಮಾತ್ರ ಬೇಡವೇ ಬೇಡ. ಕಿವಿಯ ಮೃದ್ವಸ್ಥಿಗೆ ಕೀವು ಹಿಡಿದರೆ ಕಿವಿಯ ಆಕಾರವೇ ಕೆಡಬಹುದು.

ಉತ್ತರ – ಅನುಮಾನದವನು
ಕಿವಿಯನ್ನು ತಲೆಕೆಳಗಾದ ಮಗುವಿನಂತೆ ನೋಡಿ ನಕ್ಷೆ ಮಾಡಿದವರು ಫ್ರಾನ್ಸಿನ ಡಾಕ್ಟರ್ ಪಾಲ್ ನೋಜಿಯೆ, 1950ರ ದಶಕದಲ್ಲಿ. ಆ ಚುಕ್ಕಿ ಸೊಂಟಕ್ಕೆ, ಈ ಚುಕ್ಕಿ ಮಂಡಿಗೆ ಅನ್ನೋದು ಸಾಬೀತಾಗಿಲ್ಲ. ಸಂಬಂಧವಿಲ್ಲದ ಜಾಗ ಒತ್ತಿದಾಗಲೂ ಕೆಲವರಿಗೆ ಹಗುರ ಅನಿಸುತ್ತದೆ.

ಉತ್ತರ – ಫಿಸಿಯೋ ಅಕ್ಕ
ನಿಜ, ನಕ್ಷೆಯನ್ನು ನಾನೂ ಅಷ್ಟು ನಂಬಲ್ಲ. ಆದರೆ ಕಿವಿಯಲ್ಲಿ ನರಗಳು ದಂಡಿಯಾಗಿವೆ, ಮೆದುಳಿನಿಂದ ಹೊಟ್ಟೆಯವರೆಗೆ ಹೋಗುವ ವೇಗಸ್ ನರದ ಕವಲೂ ಬರುತ್ತದೆ. ನಡೆದಿರುವ ಅಧ್ಯಯನಗಳು ಹೆಚ್ಚಿನವು ಸಣ್ಣವು. ಸೊಂಟನೋವು ಸ್ವಲ್ಪ ದಿನದ ಮಟ್ಟಿಗೆ ತಗ್ಗಿದ್ದು ಕೆಲವದರಲ್ಲಿ ಕಂಡಿದೆ. ರಾತ್ರಿ ಮಗ್ಗಲು ಬದಲಿಸುವಾಗ ನೋವು ಎದ್ದರೆ ಯಾರನ್ನೂ ಎಬ್ಬಿಸದೆ ತಾವೇ ಒತ್ತಿಕೊಳ್ಳಬಹುದು. ನಾನು ಇದನ್ನು ಕಲಿಸೋದು ಅದಕ್ಕೇ.

ಹೊಟ್ಟೆ ಉರಿಯ ವಿಷಯ ಮಾತ್ರ ಡಾಕ್ಟರಿಗೆ ಹೇಳಲೇಬೇಕು, ಮಾತ್ರೆ ಬದಲಾಯಿಸಬೇಕಾಗಬಹುದು. ಕಾಲು ಸೋಲುವುದು, ಮೂತ್ರ ಹಿಡಿತ ತಪ್ಪುವುದು, ತೊಡೆ ಸಂದು ಮರಗಟ್ಟುವುದು, ಜ್ವರ, ಸುಮ್ನೆ ತೂಕ ಇಳಿಯುವುದು, ಇವುಗಳಲ್ಲಿ ಒಂದು ಕಂಡರೂ ಕಿವಿ ಒತ್ತುತ್ತಾ ಕೂರಬೇಡಿ, ಕೂಡಲೇ ಕರೆದುಕೊಂಡು ಹೋಗಿ.

ಹೊಲದಂಚು
ಅಂಥದ್ದೇನೂ ಇಲ್ಲ ಅಕ್ಕ. ಹೊಟ್ಟೆ ಉರಿಗೆ ಈ ವಾರವೇ ತೋರಿಸ್ತೀನಿ. ಅತ್ತಿಗೆ ಬಸುರಿ, ಅವಳಿಗೂ ಬೆನ್ನುನೋವು. ಉಳಿದ ಬೀಜ ಅವಳಿಗೆ ಹಾಕಬಹುದಾ?

ಫಿಸಿಯೋ ಅಕ್ಕ
ಬೇಡ. ಅವರನ್ನು ನೋಡುತ್ತಿರುವ ಡಾಕ್ಟರನ್ನು ಕೇಳದೆ ಹಾಕಬೇಡಿ.