ಸಹಾಯ ಬೇಕು: ಸೇಲಂ ಮ್ಯೂಸಿಯಂಗೆ ಮಕ್ಕಳ ಭೇಟಿ

ನಮಸ್ಕಾರ. ಕನ್ನಡ ತರಗತಿಯ 24 ಮಕ್ಕಳನ್ನು (11ರಿಂದ 13 ವರ್ಷ) ಮೇ ತಿಂಗಳಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಂ ವಿಚ್ ಮ್ಯೂಸಿಯಂಗೆ ಕರೆದೊಯ್ಯುತ್ತಿದ್ದೇವೆ. ಮಾಟ ಮಾಡುತ್ತಾರೆಂದು ಆರೋಪಿಸಿ ಆ ಊರಿನಲ್ಲಿ ಹಿಂದೆ ಜನರನ್ನು ವಿಚಾರಣೆಗೆ ಗುರಿಮಾಡಿದ ಕಥೆಯನ್ನು ಅಲ್ಲಿ ತೋರಿಸುತ್ತಾರೆ. (ಅಕ್ಟೋಬರ್ ಬೇಡವೇ ಬೇಡ, ಹ್ಯಾಲೋವೀನ್ ಜನಜಂಗುಳಿ.) ಜೊತೆಗೆ ಮೂವರು ದೊಡ್ಡವರು ಬೇಕು. ಪ್ರದರ್ಶನ ಕತ್ತಲ ಹಾಲ್‌ನಲ್ಲಿ. ಆಳೆತ್ತರದ ಬೊಂಬೆಗಳ ಮೇಲೆ ಒಂದೊಂದಾಗಿ ಬೆಳಕು ಬೀಳುತ್ತದೆ. ಹೆದರಿದ ಮಗುವನ್ನು ಹೊರಗೆ ಕರೆತರಲು ಬಾಗಿಲ ಬಳಿ ಒಬ್ಬರು ಇರಲೇಬೇಕು.

ಒಂದು ಪುಟದ ಕನ್ನಡ ಟಿಪ್ಪಣಿ ಬರೆದುಕೊಡುವವರೂ ಬೇಕು. ಮಾಟಗಾತಿಯರನ್ನು ‘ಸುಟ್ಟರು’ ಅಂದುಕೊಂಡೇ ಮಕ್ಕಳು ಬರುತ್ತಾರೆ. 1692ರಲ್ಲಿ ಅಲ್ಲಿ ಯಾರನ್ನೂ ಸುಡಲಿಲ್ಲ: 19 ಜನರನ್ನು ಗಲ್ಲಿಗೇರಿಸಿದರು, ಮುದುಕ ಜೈಲ್ಸ್ ಕೋರಿಯ ಮೇಲೆ ಕಲ್ಲು ಹೇರಿ ಕೊಂದರು. ಗಲ್ಲಿಗೇರಿದವರಲ್ಲಿ ಗಂಡಸರೂ ಇದ್ದರು, ಇದು ಟಿಪ್ಪಣಿಯಲ್ಲಿ ಬರಲೇಬೇಕು.

ಆರೋಪಿ ಬೇರೆಲ್ಲೋ ಇದ್ದರೂ ‘ಅವಳ ರೂಪ ಬಂದು ಚಿವುಟಿತು’ ಎಂದು ದೂರಿದವರು ಹೇಳಿದ ಮಾತನ್ನೇ ಕೋರ್ಟ್ ಸಾಕ್ಷ್ಯವೆಂದು ಒಪ್ಪಿತ್ತು. ಇಂಥ ಸಾಕ್ಷ್ಯಕ್ಕೆ ಮಕ್ಕಳಿಗೆ ತಿಳಿಯುವ ಕನ್ನಡ ಪದ ಯಾವುದು? ‘ಪ್ರೇತಸಾಕ್ಷ್ಯ’ ಅಂದರೆ ಸತ್ತವರ ದೆವ್ವ ಅನ್ನಿಸಿಬಿಡುತ್ತದೆ.